ಅರ ಹಿಡಿಯುವ ಮುನ್ನ ತಿಳಿಯಬೇಕಾದ್ದು

1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನಲ್ಲಿ ಗುರಿ ಹಿಡಿಯಲು ಇರುವುದು ಎರಡೇ ಆಸರೆ. ನಳಿಗೆಯ ತುದಿಯಲ್ಲಿ ನಿಂತ ಲೋಹದ ಒಂದು ಪಟ್ಟಿ, ಅಂದರೆ ಮುಂದಿನ ಸೈಟ್. ಹಿಂದೆ, ಸಿಲಿಂಡರಿನ ಮೇಲೆ ಹಾಯುವ ಚೌಕಟ್ಟಿನಲ್ಲೇ ಕೊರೆದ ಒಂದು ಗೀರು. ಹೊಂದಿಸಿಕೊಳ್ಳಲು ತಿರುಪೇ ಇಲ್ಲ. ಪ್ರತಿ ಸಲವೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆದು ಹಾರಿಸುವ ಈ ಬಗೆಯ ರಿವಾಲ್ವರುಗಳು ಇಂದಿಗೂ ತಯಾರಾಗುತ್ತಿವೆ, ಅವುಗಳಿಗೆಂದೇ ಅಮೆರಿಕದಲ್ಲಿ ಸ್ಪರ್ಧೆಗಳೂ ನಡೆಯುತ್ತವೆ. ಹೊಸದಾಗಿ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ: ಗುಂಡುಗಳು ಒಂದೇ ಕಡೆ ಒತ್ತಾಗಿ ಬೀಳುತ್ತವೆ, ಆದರೆ ಗುರಿಗಿಂತ ಕೆಳಗೆ.

ಇದನ್ನು ದೋಷವೆಂದು ಎಣಿಸಬೇಕಿಲ್ಲ. ಮುಂದಿನ ಸೈಟ್ ಎತ್ತರವಾಗಿದ್ದಷ್ಟೂ ಅದರ ತುದಿಯನ್ನು ಗೀರಿನ ಮಟ್ಟಕ್ಕೆ ತರಲು ನಳಿಗೆಯ ಬಾಯಿಯನ್ನು ತಗ್ಗಿಸಬೇಕಾಗುತ್ತದೆ, ಗುಂಡು ಕೆಳಗೆ ಹೋಗುತ್ತದೆ. ಎತ್ತರದ ಸೈಟನ್ನು ಅರದಿಂದ ಉಜ್ಜಿ ತಗ್ಗಿಸಬಹುದು. ಗಿಡ್ಡ ಸೈಟಿಗೆ ಲೋಹ ಸೇರಿಸುವುದು ದೊಡ್ಡ ಕೆಲಸ. ಹಾಗಾಗಿ ಎತ್ತರದ ಸೈಟೊಡನೆ ಬಂದ ರಿವಾಲ್ವರು ಒಂದು ಅನುಕೂಲವೇ.

ಆದರೂ ಅರಕ್ಕೆ ಕೈಹಾಕುವ ಮೊದಲು ಗುಂಡಿನ ತೂಕವನ್ನು ನೋಡಲೇಬೇಕು. ಮದ್ದು ಹೊತ್ತಿಕೊಂಡ ಕ್ಷಣದಿಂದಲೇ ರಿವಾಲ್ವರು ಒದೆಯತೊಡಗುತ್ತದೆ. ಗುಂಡು ಇನ್ನೂ ನಳಿಗೆಯೊಳಗೆ ಓಡುತ್ತಿರುವಾಗಲೇ ಬಾಯಿ ಮೇಲೇಳುತ್ತಿರುತ್ತದೆ. ಭಾರದ, ನಿಧಾನದ ಗುಂಡು ಒಳಗೆ ಹೆಚ್ಚು ಹೊತ್ತು ಇರುತ್ತದೆ, ಒದೆತವನ್ನೂ ಹೆಚ್ಚಿಸುತ್ತದೆ. ಅಷ್ಟರಲ್ಲಿ ಬಾಯಿ ಇನ್ನಷ್ಟು ಎದ್ದಿರುವುದರಿಂದ ಅದು ಮೇಲೆ ತಾಗುತ್ತದೆ. ಹಗುರ, ವೇಗದ ಗುಂಡು ಬೇಗ ಹೊರಬಿದ್ದು ಕೆಳಗೆ ತಾಗುತ್ತದೆ. .45 ಕೋಲ್ಟ್‌ಗೆ 200 ಗ್ರೇನಿನ (ಸುಮಾರು 13 ಗ್ರಾಂ) ಗುಂಡೂ ಸಿಗುತ್ತದೆ, 250 ಗ್ರೇನಿನದೂ (ಸುಮಾರು 16 ಗ್ರಾಂ) ಸಿಗುತ್ತದೆ. ಹಗುರದ್ದನ್ನು ಹಾರಿಸಿ ಕೆಳಗೆ ಬಿತ್ತೆಂದು ಸೈಟನ್ನು ಉಜ್ಜಿದವರು ಮುಂದೆ ಭಾರದ್ದಕ್ಕೆ ಬದಲಾದರೆ ಗುಂಡು ಗುರಿಯ ಮೇಲೆ ಹೋಗುತ್ತದೆ, ಉಜ್ಜಿದ ಲೋಹವಂತೂ ಮರಳಿ ಬಾರದು. ಈ ಮಾದರಿಯ ರಿವಾಲ್ವರುಗಳ ಮಾಲೀಕರಿಗೆ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮೊದಲು ಒಂದು ಬಗೆಯ ಗುಂಡನ್ನು ಆರಿಸಿಕೊಳ್ಳಿ, ಕೈಗೆ ಹಿಡಿತ ಕೂರಲಿ, ಬೇರೆ ಬೇರೆ ದಿನ ಹಾರಿಸಿದಾಗಲೂ ಗುಂಡು ಅದೇ ಜಾಗದಲ್ಲಿ ಬೀಳುವುದು ಖಚಿತವಾಗಲಿ.

ಆಮೇಲಿನದು ಸರಳ ಲೆಕ್ಕ. ಎರಡು ಸೈಟುಗಳ ನಡುವಿನ ಅಂತರ 165 ಮಿ.ಮೀ. ಎಂದಿಟ್ಟುಕೊಳ್ಳೋಣ, ಐದೂವರೆ ಇಂಚಿನ ನಳಿಗೆಗೆ ಇದು ಹತ್ತಿರದ ಅಂದಾಜು. ಗುರಿಹಲಗೆ 23 ಮೀಟರ್ ದೂರದಲ್ಲಿದೆ, ಗುಂಡು 100 ಮಿ.ಮೀ. ಕೆಳಗೆ ಬೀಳುತ್ತಿದೆ. 100ನ್ನು 165ರಿಂದ ಗುಣಿಸಿ 23,000ದಿಂದ ಭಾಗಿಸಿದರೆ 0.7 ಮಿ.ಮೀ. ಬರುತ್ತದೆ. ಅಂಗೈಯಗಲದ ತಪ್ಪನ್ನು ತಿದ್ದಲು ತೆಗೆಯಬೇಕಾದ ಲೋಹ ಒಂದು ಮಿಲಿಮೀಟರಿಗೂ ಕಡಿಮೆ! ಲೆಕ್ಕ ಹೇಳಿದ ಅರ್ಧದಷ್ಟನ್ನು ಮಾತ್ರ ಮೊದಲು ಉಜ್ಜಿ, ಮತ್ತೆ ಹಾರಿಸಿ ನೋಡಿ, ಉಳಿದದ್ದನ್ನು ಎರಡು ಮೂರು ಸಲಕ್ಕೆ ಹಂಚುವುದು ಜಾಣತನ. ತುದಿ ಚೌಕವಾಗಿಯೇ ಉಳಿಯಬೇಕು, ಒಂದು ಬದಿಗೆ ವಾಲಬಾರದು. ಕೆಲಸಕ್ಕೆ ಕೂರುವ ಮೊದಲು ಗುಂಡುಗಳನ್ನೆಲ್ಲ ತೆಗೆದು ಸಿಲಿಂಡರನ್ನೇ ಹೊರಗೆ ಇಡಬೇಕು.

ಎಡಬಲದ ತಪ್ಪು ಇಷ್ಟು ಸುಲಭವಲ್ಲ. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮುಂದಿನ ಸೈಟನ್ನೂ ಎಡಕ್ಕೇ ಸರಿಸಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ, ಮುಂದಿನದನ್ನು ತಪ್ಪಾಗಿ ಹೋಗುತ್ತಿರುವ ಕಡೆಗೆ ಎಂಬುದು ನಿಯಮ. ಬೆಸುಗೆ ಹಾಕಿದ ಪಟ್ಟಿ ಸರಿಯದು, ಬಗ್ಗಿಸಿದರೆ ಸಡಿಲವಾಗಬಹುದು. ಅದಕ್ಕೇ ಕುಶಲಕರ್ಮಿಗಳು ನಳಿಗೆಯನ್ನೇ ಚೌಕಟ್ಟಿನಲ್ಲಿ ತುಸು ತಿರುಗಿಸುತ್ತಾರೆ. ಸೈಟಿನ ತುದಿ ನಳಿಗೆಯ ನಡುಗೆರೆಯಿಂದ 15 ಮಿ.ಮೀ. ಮೇಲಿದ್ದರೆ ಒಂದೇ ಡಿಗ್ರಿ ತಿರುಗುವಿಕೆಗೆ ಅದು ಕಾಲು ಮಿಲಿಮೀಟರ್ ಸರಿಯುತ್ತದೆ. ಮೇಲಿನ ಲೆಕ್ಕದಲ್ಲೇ, 23 ಮೀಟರಿನಲ್ಲಿ ಗುಂಡು ಮೂರೂವರೆ ಸೆಂಟಿಮೀಟರಿನಷ್ಟು ಸರಿದುಹೋಗುತ್ತದೆ. ಖಾಲಿ ತೋಟೆಯನ್ನು ತಳ್ಳುವ ಕಡ್ಡಿಯ ಕೊಳವೆಯೂ ನಳಿಗೆಗೇ ಅಂಟಿಕೊಂಡಿರುವುದರಿಂದ ಹೆಚ್ಚು ತಿರುಗಿಸಲಾಗದು. ಸರಿಯಾದ ಹಿಡಿಕೆಗಳಿಲ್ಲದೆ ಬಲ ಹಾಕಿದರೆ ಚೌಕಟ್ಟೇ ತಿರುಚಿಕೊಳ್ಳುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪಟ್ಟಿಯನ್ನೇ ಬದಲಿಸಬೇಕಾಗುವುದು ಗುಂಡು ಮೇಲೆ ಹೋಗುವಾಗ, ಇಲ್ಲವೇ ಹಳೆಯ ತೆಳು ಪಟ್ಟಿ ಕಣ್ಣಿಗೆ ಕಾಣದಾದಾಗ. ಬೆಸುಗೆ ಕರಗಿಸುವ ಬಿಸಿಗೆ ನಳಿಗೆಯ ಕಪ್ಪು ನೀಲಿ ಲೇಪ ಕೆಡುತ್ತದೆ, ಅದನ್ನು ಮತ್ತೆ ಹಚ್ಚಿಸುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಇಷ್ಟೆಲ್ಲ ಬೇಡ ಎನ್ನುವವರಿಗೆ ರೂಗರ್ ಕಂಪನಿ 1955ರಲ್ಲೇ ದಾರಿ ತೋರಿಸಿತು. ಅದರ ಬ್ಲ್ಯಾಕ್‌ಹಾಕ್ ಸಿಂಗಲ್ ಆಕ್ಷನ್ನೇ ಆದರೂ ಅದರ ಹಿಂದಿನ ಸೈಟನ್ನು ತಿರುಪಿನಿಂದ ಹೊಂದಿಸಬಹುದು. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಇರುವವರೂ ಸೈಟಿನ ಕೆಲಸವನ್ನು ಅಂಥ ಪರವಾನಗಿ ಪಡೆದ ಅಂಗಡಿಗೇ ಒಯ್ಯಬೇಕು.