ಓದಿನ ಹೊರೆ

ದೂಧಗಂಗೆ ಹರಿಯುವ ಸೀಮೆಯಲ್ಲಿರುವ ನಮ್ಮ ಬೋರಗಾಂವದಲ್ಲಿ ಬೆಳಗಿನ ಬಸ್ಸಿಗಾಗಿ ಕಾದು ನಿಲ್ಲುವ ಕಾಲೇಜು ವಿದ್ಯಾರ್ಥಿಗಳನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ನಿಪ್ಪಾಣಿಗೆ ಹೋಗುವವರು ಕೆಲವರು, ಚಿಕ್ಕೋಡಿಗೆ ಹೋಗುವವರು ಕೆಲವರು; ಗಡಿಯಾಚೆಯ ಇಚಲಕರಂಜಿ, ಕೊಲ್ಹಾಪುರಗಳಿಗೆ ಹೋಗುವವರೂ ಉಂಟು. ಉಳಿದ ದಿನಗಳಲ್ಲಿ ಅವರ ನಗೆ, ಹರಟೆ, ಕೀಟಲೆಗಳಿಂದ ಆ ನಿಲ್ದಾಣವು ಗುಬ್ಬಿಗಳು ಕೂತ ಮರದಂತೆ ಇರುತ್ತದೆ. ವರ್ಷದಲ್ಲಿ ಎರಡು ಬಾರಿ ಮಾತ್ರ ಅಲ್ಲಿ ಮೌನ ನೆಲೆಸುತ್ತದೆ. ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು, ಕಾಗದದ ಮೇಲೆ ಕಣ್ಣು ನೆಟ್ಟು, ತುಟಿ ಅಲುಗಿಸುತ್ತ ನಿಂತಿರುತ್ತಾರೆ. ಪಕ್ಕದಲ್ಲಿ ಗೆಳೆಯ ಬಂದು ನಿಂತರೂ ಅವರಿಗೆ ತಿಳಿಯದು. ಅದು ಪರೀಕ್ಷೆಯ ಕಾಲ.

ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತಿರುವ ನಿಮಗೆ ವಿಶ್ವವಿದ್ಯಾಲಯದ ಮಾತು ದೂರದ್ದೆಂದು ತೋರಬಹುದು. ಆದರೆ ಎರಡು ಮೂರು ವರ್ಷಗಳು ಕಳೆಯುವುದು ಎಷ್ಟು ಹೊತ್ತು? ಅಲ್ಲಿಗೆ ಹೋದ ಮೇಲೆ ಕಲಿಯಬೇಕಾದುದನ್ನು ಇಲ್ಲಿಯೇ ಸ್ವಲ್ಪ ಕಲಿತು ಹೋದರೆ ನಷ್ಟವೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ನನ್ನಲ್ಲಿ ಹಿಂದೆ ಓದಿದ ಹುಡುಗಿಯೊಬ್ಬಳ ತಾಯಿ ಮನೆಗೆ ಬಂದಳು. ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸು. ಆ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ಆಕೆಯ ಮಗಳೇ ಮೊದಲನೆಯವಳು. “ಆಕಿ ಮಾರಿ ಒಂದ್ಸಲ ಬಂದು ನೋಡ್ರಿ ಮಾಸ್ತರ, ಊಟಾ ಬಿಟ್ಟಾಳ, ರಾತ್ರಿ ದೀಪಾ ಆರ್ಸೂದಿಲ್ಲ,” ಎಂದಳು. ನಾನು ಹೋಗಿ ನೋಡಿದೆ. ಹುಡುಗಿಯ ಕಣ್ಣು ಕೆಂಪಾಗಿದ್ದವು. ಪುಸ್ತಕದ ಸಾಲುಸಾಲಿಗೂ ಹಳದಿ ಬಣ್ಣ ಬಳಿದಿತ್ತು. “ನಾಕ್ ಸಲ ಓದೇನ್ರಿ ಸರ್, ಪುಸ್ತಕಾ ಮುಚ್ಚಿದ್ರ ಒಂದೂ ನೆನಪಿಗಿ ಬರವಲ್ದು,” ಎಂದು ಹೇಳಿ ತಲೆ ತಗ್ಗಿಸಿದಳು.

ಮೂವತ್ತು ವರ್ಷ ಶಾಲೆಯಲ್ಲಿ ಕಳೆದ ನನ್ನ ನಾಲಗೆಯ ತುದಿಗೆ ಆಗ ಬಂದ ಮಾತು “ಇನ್ನಷ್ಟು ಓದು” ಎಂಬುದೇ. ಅದನ್ನು ಆಡದೆ ನುಂಗಿದೆ. ಅದಕ್ಕೆ ಮುಂಚೆ ಎಷ್ಟು ಮಕ್ಕಳಿಗೆ ಆಡಿದ್ದೆನೋ ಲೆಕ್ಕವಿಲ್ಲ. ದುಡಿಮೆ ಸಾಲದವನಿಗೆ ಆ ಮಾತು ಔಷಧವಾದೀತು. ದುಡಿದು ಬಳಲಿದವನಿಗೆ ಅದು ಗಾಯದ ಮೇಲಿನ ಬರೆ. ಈ ಹುಡುಗಿಗೆ ಕೊರತೆಯಾದದ್ದು ದುಡಿಮೆಯಲ್ಲ. ಅವಳ ತಲೆಯ ಮೇಲಿನ ಹೊರೆ ಬೇರೆ ಎಲ್ಲಿಂದಲೋ ಬಂದುದಾಗಿತ್ತು.

ಆ ಹೊರೆಯ ಮೂಲ ಬಹಳ ಹಳೆಯದು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮೊದಲು ಪರೀಕ್ಷೆ ನಡೆಸುವ ಸಂಸ್ಥೆಗಳಾಗಿಯೇ ಹುಟ್ಟಿದವು. ಪಾಠ ಹೇಳುವುದು ಕಾಲೇಜಿನ ಕೆಲಸ, ಪರೀಕ್ಷಿಸುವುದು ವಿಶ್ವವಿದ್ಯಾಲಯದ ಕೆಲಸ. ಹೀಗೆ ಕಲಿಸಿದವನೊಬ್ಬ, ಅಳೆಯುವವನೊಬ್ಬ ಆದಾಗ ವಿದ್ಯಾರ್ಥಿಗೆ ಪರೀಕ್ಷಕನು ಕಾಣದ ದೇವರಂತಾಗುತ್ತಾನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948-49ರಲ್ಲಿ, ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ತಾನು ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂಬ ಅಭಿಪ್ರಾಯ ಕೊಟ್ಟಿತು. ಮುಕ್ಕಾಲು ಶತಮಾನ ಸಂದಿತು. ಸುಧಾರಣೆಗಳು ಆಗಿಲ್ಲವೆನ್ನಲಾರೆ, ಹೊರೆ ಇಳಿದಿದೆಯೆನ್ನಲೂ ಆರೆ.

ನಾನು ಪದವಿಗೆ ಓದಿದಾಗ ವರ್ಷಕ್ಕೊಂದೇ ಪರೀಕ್ಷೆ. ಯುಗಾದಿಯವರೆಗೆ ಊರು ತಿರುಗಿ, ಆಮೇಲೆ ಜೀವ ಕೈಯಲ್ಲಿ ಹಿಡಿದು ಓದಿದವರು ನಮ್ಮಲ್ಲಿ ಬಹಳ ಮಂದಿ, ನಾನೂ ಅವರಲ್ಲೊಬ್ಬ. ಈಗ ವರ್ಷವನ್ನು ಎರಡು ಸೆಮಿಸ್ಟರುಗಳಾಗಿ ಒಡೆದಿದ್ದಾರೆ. ಸುಮಾರು 90 ದಿನಗಳ ಪಾಠ. ಅದರೊಳಗೆ ಕಿರುಪರೀಕ್ಷೆಗಳು, ನಿಯೋಜಿತ ಬರವಣಿಗೆ, ಸೆಮಿನಾರು, ಆಂತರಿಕ ಅಂಕಗಳು. ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷೆ. ಒಂದು ದೊಡ್ಡ ಮೂಟೆಯನ್ನು ಹಲವು ಸಣ್ಣ ಗಂಟುಗಳಾಗಿ ಮಾಡಿದರೆ ಹೊರುವುದು ಸುಲಭವೆಂಬುದು ಇದರ ಹಿಂದಿನ ವಿಚಾರ. ವಿಚಾರ ತಪ್ಪಲ್ಲ. ಆದರೆ ಎಲ್ಲ ವಿಷಯಗಳ ಗಂಟುಗಳೂ ಒಂದೇ ವಾರದಲ್ಲಿ ಬಂದು ಬಿದ್ದರೆ ಹೊರುವವನಿಗೆ ಹಳೆಯ ಮೂಟೆಯೇ ವಾಸಿಯೆನಿಸುತ್ತದೆ. ಇದರ ಜೊತೆಗೆ ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯ ಕ್ರಮ ಬಂದಿತು; 2024-25ರಿಂದ ಮತ್ತೆ ಮೂರು ವರ್ಷಗಳ ಕ್ರಮ ಬಂದಿತು. ಯಾವುದು ಮೇಲೆಂಬ ವಾದ ಇಲ್ಲಿ ಬೇಡ. ಅಣ್ಣನ ಟಿಪ್ಪಣಿಯ ಪುಸ್ತಕ ತಂಗಿಯ ಉಪಯೋಗಕ್ಕೆ ಬಾರದಂತಾಯಿತೆಂಬುದಷ್ಟೇ ನಾನು ಕಂಡ ಸಂಗತಿ. ಬಡವರ ಮನೆಯಲ್ಲಿ ಆ ಟಿಪ್ಪಣಿ ಸಣ್ಣ ಆಸ್ತಿಯಲ್ಲ.

ಗಡಿಸೀಮೆಯ ಮಕ್ಕಳಿಗೆ ಮತ್ತೊಂದು ಹೊರೆಯಿದೆ; ಇದನ್ನು ದೂರದ ಊರುಗಳವರು ಅರಿಯರು. ನಮ್ಮಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುತ್ತವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಕಾಲೇಜಿನ ಪುಸ್ತಕದಲ್ಲಿ ಇನ್ನೊಂದು. ಮಾತು ಬಲ್ಲ ಮಗು ಕಾಲೇಜಿನ ಕೊಠಡಿಯಲ್ಲಿ ಮೂಕವಾಗುವುದನ್ನು ನಾನು ನೋಡಿದ್ದೇನೆ. ತಿಳಿವಳಿಕೆ ಇದ್ದೂ ಪದ ಸಿಗದಿದ್ದಾಗ, ತನಗೆ ತಿಳಿವಳಿಕೆಯೇ ಇಲ್ಲವೆಂದು ಆ ಮಗು ನಂಬಿಬಿಡುತ್ತದೆ. ಇಂಥವರಿಗೆ ನಾನು ಹೇಳುವುದಿಷ್ಟು: ಮೊದಲು ನಿಮ್ಮ ಅಡುಗೆಮನೆಯ ಭಾಷೆಯಲ್ಲಿ ಆ ವಿಷಯವನ್ನು ಯಾರಿಗಾದರೂ ಹೇಳಿರಿ. ಅದು ಅಲ್ಲಿ ನಿಂತರೆ, ಪುಸ್ತಕದ ಭಾಷೆಗೆ ಅದನ್ನು ದಾಟಿಸುವುದು ಎರಡನೆಯ ಕೆಲಸ. ಎರಡನ್ನೂ ಒಟ್ಟಿಗೆ ಮಾಡಹೋದವರು ಶಬ್ದಗಳನ್ನು ಕಂಠಪಾಠ ಮಾಡಿ ಅರ್ಥವನ್ನು ದಾರಿಯಲ್ಲಿ ಬಿಟ್ಟು ಬರುತ್ತಾರೆ.

ಇನ್ನು ಓದುವ ಬಗೆ. ಆ ಹುಡುಗಿಯ ತಾಯಿಯನ್ನು ನಾನು ಕೇಳಿದೆ: “ವಾರದ ಬೀಡಿಯನ್ನೆಲ್ಲ ಒಂದೇ ರಾತ್ರಿ ಕಟ್ಟಬಲ್ಲೆಯೇನವ್ವಾ?” ಆಕೆ ನಕ್ಕಳು. ಎಲೆ ನೆನೆಯಿಸಿಡಬೇಕು, ಅಳತೆಗೆ ಕತ್ತರಿಸಬೇಕು, ತಂಬಾಕು ತುಂಬಿ ಸುತ್ತಿ ದಾರ ಬಿಗಿಯಬೇಕು. ಬೆರಳಿಗೆ ಬಿಡುವು ಬೇಕು. ಅವಸರದಲ್ಲಿ ಕಟ್ಟಿದ್ದನ್ನು ಎಣಿಸಿಕೊಳ್ಳುವವನು ಆರಿಸಿ ಹೊರಗೆಸೆಯುತ್ತಾನೆ. ತಂಬಾಕಿನ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ. ಅದರ ಕೆಡುಕನ್ನು ನಿಪ್ಪಾಣಿಯ ಸೀಮೆಯವರಿಗೆ ಹೊರಗಿನವರು ಹೇಳಬೇಕಾಗಿಲ್ಲ. ಆದರೆ ಆ ಹೆಂಗಸಿನ ಕೆಲಸದ ಕ್ರಮವನ್ನು ಮಗಳ ಓದು ಕಲಿತಿರಲಿಲ್ಲ.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ನೆನಪಿನ ಬಗೆಗೆ ಒಂದು ಗ್ರಂಥವನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದನು. ಮರೆವು ಮೊದಲ ಗಂಟೆಗಳಲ್ಲಿಯೇ ರಭಸದಿಂದ ನುಗ್ಗಿ ಆಮೇಲೆ ನಿಧಾನವಾಗುತ್ತದೆ ಎಂದು ಕಂಡಿತು. ಅವನು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಬೇಕಾದುದು. ಒಂದೇ ದಿನ 68 ಬಾರಿ ಓದಿದ್ದರಿಂದ ಆದ ಫಲ, ಮೂರು ದಿನಗಳಿಗೆ ಹಂಚಿ ಓದಿದಾಗ 38 ಬಾರಿಯಲ್ಲಿಯೇ ದೊರೆಯಿತು. ಅಂದರೆ ಓದಿನ ನಡುವಿನ ಬಿಡುವು ಕೂಡ ಓದಿನ ಒಂದು ಭಾಗ. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆ ಪರಾಕ್ರಮದಂತೆ ತೋರಿದರೂ ಅದು ದುಂದುವೆಚ್ಚವೇ ಸರಿ. ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ರೆ ಬೇಕು. ಅದನ್ನೇ ಕಳೆದುಕೊಂಡು ಓದುವುದೆಂದರೆ ಬಿತ್ತಿದ ಬೀಜಕ್ಕೆ ಮಣ್ಣು ಮುಚ್ಚದೆ ಬರುವುದು.

2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಆ ಹುಡುಗಿಯ ದೂರಿಗೇ ಉತ್ತರ ಕೊಟ್ಟಂತಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪಿನವರು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಸ್ತಕ ಮುಚ್ಚಿ ನೆನಪಾದುದನ್ನು ಬರೆದರು. ಐದು ನಿಮಿಷಗಳ ಮೇಲೆ ಕೇಳಿದಾಗ ಮೊದಲಿನವರೇ ಮುಂದು: ಅವರಿಗೆ ನೂರಕ್ಕೆ 83 ಭಾಗ ನೆನಪಿತ್ತು, ಇವರಿಗೆ 71. ವಾರ ಕಳೆದ ಮೇಲೆ ಕೇಳಿದಾಗ ತಕ್ಕಡಿ ತಿರುಗಿತು: ಓದಿ ಓದಿ ಇಟ್ಟವರಲ್ಲಿ ಉಳಿದದ್ದು 40, ಮುಚ್ಚಿ ನೆನೆದವರಲ್ಲಿ 61. ಇದಕ್ಕಿಂತ ವಿಚಿತ್ರವೆಂದರೆ, ತಮಗೆ ಚೆನ್ನಾಗಿ ನೆನಪಿರುವುದೆಂಬ ಭರವಸೆ ಹೆಚ್ಚಾಗಿದ್ದುದು ಓದಿ ಓದಿ ಇಟ್ಟವರಿಗೇ! ಮತ್ತೆ ಮತ್ತೆ ಓದುವಾಗ ಸಾಲುಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನು ನಾವು ಜ್ಞಾನವೆಂದು ಭ್ರಮಿಸುತ್ತೇವೆ. ದಿನವೂ ಕಾಣುವ ಮುಖದ ಹೆಸರು ಹೇಳೆಂದರೆ ತಡವರಿಸುವುದಿಲ್ಲವೇ, ಹಾಗೆ. ಪುಸ್ತಕ ಮುಚ್ಚಿ ನೆನೆಯುವ ಕೆಲಸ ಕಷ್ಟದ್ದು, ಬೇಸರದ್ದು, ಅಹಂಕಾರಕ್ಕೆ ಪೆಟ್ಟು ಕೊಡುವಂಥದ್ದು. ಅದಕ್ಕಾಗಿಯೇ ಹಳದಿ ಬಣ್ಣದ ಮಾರಾಟ ಅಷ್ಟೊಂದು ಜೋರಾಗಿದೆಯೆಂದು ನನ್ನ ಗುಮಾನಿ.

ಇಷ್ಟೆಲ್ಲ ಮಾಡಿಯೂ ಒಬ್ಬನು ನಪಾಸಾಗಬಹುದು. ಈ ಮಾತನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸುಳ್ಳು ಧೈರ್ಯ. ಇಂಥ ಸಮಯದಲ್ಲಿ ಹಿರಿಯರು ತಪ್ಪದೆ ಶ್ರೀನಿವಾಸ ರಾಮಾನುಜನ್ ಅವರ ಕಥೆ ತೆಗೆಯುತ್ತಾರೆ. ಅವರು ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡದ್ದೂ, ಮದರಾಸಿನ ಪಚ್ಚೈಯಪ್ಪ ಕಾಲೇಜಿನಿಂದ ಕುಳಿತ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋದದ್ದೂ, 1914ರಲ್ಲಿ ಕೇಂಬ್ರಿಜ್‌ಗೆ ತೆರಳಿದ್ದೂ ನಿಜವೇ. ಆದರೆ ಆ ಕಥೆಯಿಂದ ಸೋತ ಹುಡುಗನಿಗೆ ಸಮಾಧಾನ ಸಿಗುತ್ತದೆಂದು ನನಗೆ ಅನಿಸುವುದಿಲ್ಲ. ತಾನು ರಾಮಾನುಜನ್ ಅಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅವನಿಗೆ ಬೇಕಾದುದು, ಉಳಿದ ವಿಷಯವನ್ನು ಮತ್ತೆ ಬರೆಯಲು ಅವಕಾಶವುಂಟೆಂಬ ಸರಳ ಮಾಹಿತಿ, ಅರ್ಜಿ ತುಂಬುವ ಕೊನೆಯ ದಿನಾಂಕ, ಆ ಶುಲ್ಕದ ಹಣ, ಮತ್ತು ಅದುವರೆಗೆ ಮನೆಯಲ್ಲಿ ತಲೆಯೆತ್ತಿ ಉಣ್ಣುವ ಹಕ್ಕು. ಕೊನೆಯದನ್ನು ತಂದೆತಾಯಿಗಳೇ ಕೊಡಬೇಕು. “ನಿನ್ನ ಸಲುವಾಗಿ ಕಬ್ಬಿನ ಬಿಲ್ಲೆಲ್ಲ ಖರ್ಚಾಯಿತು” ಎಂದು ಊಟದ ತಟ್ಟೆಯ ಮುಂದೆ ಲೆಕ್ಕ ಒಪ್ಪಿಸುವ ತಂದೆ ಕೆಟ್ಟವನಲ್ಲ, ಕಷ್ಟದಲ್ಲಿದ್ದಾನೆ. ಆದರೂ ಆ ಲೆಕ್ಕ ಆ ಹೊತ್ತಿನದಲ್ಲ.

ಕೆಲವರ ಮನಸ್ಸು ಇದಕ್ಕಿಂತ ಆಳಕ್ಕೆ ಕುಸಿಯುತ್ತದೆ. ನಿದ್ರೆಯಿಲ್ಲ, ಊಟ ಸೇರದು, ಗೆಳೆಯರ ಸಂಗ ಬೇಡ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬರುತ್ತದೆ. ಇದನ್ನು ಸೋಮಾರಿತನವೆಂದೋ ನಾಟಕವೆಂದೋ ಕಡೆಗಣಿಸಬಾರದು; ಜ್ವರ ಬಂದವನಿಗೆ ವೈದ್ಯನಿರುವಂತೆ ಇವನಿಗೂ ವೈದ್ಯನಿದ್ದಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದೊಡನೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಯಿಂದ ಹಗಲುರಾತ್ರಿ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಬೇಕಿಲ್ಲ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ತರಬೇತಾದ ಆಪ್ತಸಮಾಲೋಚಕರೊಬ್ಬರನ್ನು ಹೊಂದಿರಬೇಕೆಂದು 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದೆ. ನಿರ್ದೇಶವು ಹಳ್ಳಿಯವರೆಗೆ ನಡೆದು ಬರುವುದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಕೆಲಸದ ಒಂದು ಪಾಲು ಗೆಳೆಯರದು. ಬಸ್ ನಿಲ್ದಾಣದಲ್ಲಿ ಮೂಲೆ ಹಿಡಿದು ನಿಂತವನ ಹತ್ತಿರ ಹೋಗಿ “ಊಟ ಆಯಿತೇನೋ?” ಎಂದು ಕೇಳುವುದಕ್ಕೆ ತರಬೇತಿ ಬೇಡ.

ಆ ಹುಡುಗಿಗೆ ನಾನು ಹೇಳಿದ್ದು ಎರಡೇ ಮಾತು. ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು. ಸಂಜೆ ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ತಾಯಿಗೆ ಕಥೆಯಂತೆ ಹೇಳಬೇಕು. ತಾಯಿಗೆ ಅಕ್ಷರ ಬಾರದು. “ನಂಗೇನ್ ತಿಳೀತೈತ್ರಿ ಅದು?” ಎಂದು ಆಕೆ ಸಂಕೋಚಪಟ್ಟಳು. ತಿಳಿಯದಿದ್ದಲ್ಲಿ ತಡೆದು ಕೇಳುವುದೇ ನಿನ್ನ ಕೆಲಸವೆಂದೆ. ಆ ಸಲದ ಪರೀಕ್ಷೆಯಲ್ಲಿ ಹುಡುಗಿಗೆ ಒಂದು ವಿಷಯ ಉಳಿಯಿತು, ಉಳಿದವು ದಾಟಿದವು. ಉಳಿದದ್ದಕ್ಕೆ ಅವಳು ಮತ್ತೆ ಹಣ ಕಟ್ಟಿದಳು.

ಕೆಲವು ತಿಂಗಳು ಕಳೆದು ಒಂದು ಸಂಜೆ ಆ ಓಣಿಯಲ್ಲಿ ಹಾದು ಹೋಗುತ್ತಿದ್ದೆ. ಬಾಗಿಲು ತೆರೆದಿತ್ತು. ಮೊರದಲ್ಲಿ ಎಲೆ ಹರವಿಕೊಂಡು ತಾಯಿ ಬೀಡಿ ಸುತ್ತುತ್ತಿದ್ದಳು. ಎದುರಿಗೆ ಕುಳಿತ ಮಗಳು ಬರಿಗೈಯಲ್ಲಿ ಮರಾಠರ ಮತ್ತು ಇಂಗ್ಲಿಷರ ಮೊದಲ ಯುದ್ಧವನ್ನು ಹೇಳುತ್ತಿದ್ದಳು. 1782ರ ಸಾಲಬಾಯಿ ಒಪ್ಪಂದಕ್ಕೆ ಬಂದಾಗ ತಾಯಿ ದಾರ ಬಿಗಿಯುವುದನ್ನು ನಿಲ್ಲಿಸಿ, “ಆಕಿ ಯಾರವಾ ಸಾಲಬಾಯಿ? ನಡುವ ಬಂದು ಜಗಳಾ ಬಿಡಿಸಿದಾಕಿ?” ಎಂದು ಕೇಳಿದಳು. ಮಗಳು ನಕ್ಕು, ಸಾಲಬಾಯಿ ಹೆಂಗಸಲ್ಲ, ಗ್ವಾಲಿಯರದ ಹತ್ತಿರದ ಒಂದು ಊರು ಎಂದು ಮೊದಲಿನಿಂದ ಮತ್ತೆ ಹೇಳತೊಡಗಿದಳು.