ಹಾರ್ನ್ ಹೊಡೆದರೆ ಕೆಂಪು ದೀಪ ಇನ್ನಷ್ಟು ಹೊತ್ತು: ಬೆಂಗಳೂರಿಗೆ ಬೇಕೇ?

2020ರ ಜನವರಿ ಕೊನೆಯಲ್ಲಿ ಮುಂಬೈ ಪೊಲೀಸರು ಒಂದು ವಿಡಿಯೊ ಬಿಟ್ಟರು. ಕೆಲವು ಸಿಗ್ನಲ್ ಕಂಬಗಳಿಗೆ ಡೆಸಿಬಲ್ ಮೀಟರ್ ಜೋಡಿಸಿದ್ದರು. ಕೆಂಪು ದೀಪಕ್ಕೆ ನಿಂತವರ ಹಾರ್ನ್ ಸದ್ದು 85 ಡೆಸಿಬಲ್ ದಾಟಿದರೆ ಟೈಮರ್ ಮತ್ತೆ ಮೊದಲಿನಿಂದ ಶುರು. ಇದು ಬೆಂಗಳೂರಿಗೂ ಬರಲಿ ಎಂಬ ಮಾತು ಆಗಲೇ ಎದ್ದಿತ್ತು, ಆಫೀಸಿನ ಹೊತ್ತಿನಲ್ಲಿ ಸಿಗ್ನಲ್‌ಗೆ ಸಿಕ್ಕಿಕೊಂಡವರು ಈಗಲೂ ಆಡುತ್ತಾರೆ. ನನ್ನ ಒಲವು ವಿರೋಧದ ಕಡೆಗಿದೆ. ಆದರೆ ಪರವಾದ ವಾದವನ್ನು ಅದರ ಪೂರ್ತಿ ಬಲದಲ್ಲೇ ಕೇಳಬೇಕು.

ಪರ

ಕೆಂಪು ದೀಪದಲ್ಲಿ ಹಾರ್ನ್ ಒತ್ತಿದರೆ ಸರಿಯಬೇಕಾದವರು ಯಾರು? ಮುಂದಿರುವ ಬಸ್ಸಿನ ಡ್ರೈವರ್ ಕೂಡ ಅದೇ ದೀಪ ನೋಡುತ್ತಾ ಕೂತಿದ್ದಾನೆ. ಆದರೂ ಟೈಮರ್‌ನಲ್ಲಿ ಎಂಟು, ಏಳು ಅಂತ ಇರುವಾಗಲೇ ಹಿಂದಿನಿಂದ ಶುರುವಾಗುತ್ತದೆ. ಜೀಬ್ರಾ ಪಟ್ಟಿಯನ್ನೇ ಆಕ್ರಮಿಸಿದ ಬೈಕಿನವರು ಕ್ಲಚ್ ಹಿಡಿದು, ಕಾಲಲ್ಲಿ ನೆಲ ಒತ್ತುತ್ತಾ ಇಂಚಿಂಚು ಮುಂದೆ ಜಾರುತ್ತಾರೆ. ಮಗುವಿನ ಕೈ ಹಿಡಿದು ದಾಟುತ್ತಿದ್ದ ತಾಯಿ ನಡುರಸ್ತೆಯಲ್ಲಿ ಓಡತೊಡಗುತ್ತಾಳೆ. ಅವಳನ್ನು ಓಡಿಸಿದ್ದು ಹಿಂದಿನವರ ಹಾರ್ನ್.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನಗತ್ಯ ಹಾರ್ನ್‌ಗೆ ಮೊದಲ ಸಲ 1000, ಮುಂದೆ 2000 ರೂಪಾಯಿ ದಂಡವಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಗೊತ್ತುಮಾಡಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಬೆಳಿಗ್ಗೆ ಹತ್ತಕ್ಕೆ ಹೊಸೂರು ರಸ್ತೆಯಲ್ಲಿ ಕಿದ್ವಾಯಿ, ನಿಮ್ಹಾನ್ಸ್ ಮುಂದೆ ನಿಂತು ಕೇಳಿದರೆ ಆ ಮಿತಿಗೆ ಎಷ್ಟು ಬೆಲೆ ಇದೆಯೆಂದು ತಿಳಿಯುತ್ತದೆ. ಹೆಲ್ಮೆಟ್ ಹಾಕದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಹತ್ತಾರು ಹಾರ್ನ್‌ಗಳ ನಡುವೆ ಯಾವುದು ಯಾರದೆಂದು ಪೇದೆ ಹೇಗೆ ಹೇಳಬೇಕು?

ಮೀಟರ್‌ಗೆ ಆ ಗೋಜಿಲ್ಲ. ಮೊಬೈಲಿಗೆ ದಂಡದ ಮೆಸೇಜು ಬರುವ ಹೊತ್ತಿಗೆ ಅವತ್ತಿನ ಸಿಟ್ಟೇ ನೆನಪಿರುವುದಿಲ್ಲ. ಇಲ್ಲಿ ತಪ್ಪು ಮಾಡಿದ ಜಾಗದಲ್ಲೇ, ಆ ಗಳಿಗೆಯಲ್ಲೇ ಶಿಕ್ಷೆ. "ಸುಮ್ನಿರಿ ಗುರು, ಮತ್ತೆ ಮೊದ್ಲಿಂದ ಕಾಯ್ಬೇಕಾಗುತ್ತೆ" ಎಂದು ಪಕ್ಕದವನೇ ತಿರುಗಿ ಹೇಳುತ್ತಾನೆ. ಪೊಲೀಸರ ಮಾತಿಗಿಂತ ಆ ಮಾತು ನಾಟುತ್ತದೆ. ದಿನವಿಡೀ ಆ ಸದ್ದಿನ ಮಧ್ಯೆ ನಿಲ್ಲುವ ಪೇದೆಯ ಕಿವಿಯನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ವಿರೋಧ

ಅದೇ ನಿಮ್ಹಾನ್ಸ್ ಮುಂದೆ, ಅದೇ ಸಾಲಿನ ಹಿಂದೆ, ತಲೆಗೆ ಪೆಟ್ಟಾದವರನ್ನು ಹೊತ್ತ ಆಂಬುಲೆನ್ಸ್ ಬಂದು ನಿಂತಿದೆ ಎಂದುಕೊಳ್ಳಿ. ಅದರ ಸೈರನ್ನೇ 85 ಡೆಸಿಬಲ್ ದಾಟುತ್ತದೆ. ಬರೀ ಸದ್ದು ಅಳೆಯುವ ಮೀಟರ್ ಅದನ್ನೂ ಹಾರ್ನ್ ಎಂದೇ ಎಣಿಸಿ ದೀಪವನ್ನು ಕೆಂಪಿನಲ್ಲೇ ಹಿಡಿದರೆ ಹೊಣೆ ಯಾರದು? ಈ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಯೋಜನೆ ಕಾಗದದ ಮೇಲೇ ಇರಲಿ.

ಎರಡನೆಯದು ನ್ಯಾಯದ ಪ್ರಶ್ನೆ. ಕಾರಿನಲ್ಲಿ ಎಸಿ ಹಾಕಿಕೊಂಡು ಕೂತವರು ಯಾರೋ ಹಾರ್ನ್ ಒತ್ತುತ್ತಾರೆ. ಹಿಂದಿನ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಅಷ್ಟೂ ಜನ ಕಾಯಬೇಕು. ಅವರಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳಿದ್ದಾರೆ. ಹತ್ತು ನಿಮಿಷ ತಡವಾದರೆ ಗೇಟಿನಲ್ಲಿ ಬೈಗುಳ, ಕೆಲವು ಕಡೆ ಸಂಬಳದಲ್ಲಿ ಕಡಿತ. ಹಾರ್ನನ್ನೇ ಮುಟ್ಟದವರು ಕೂಲಿ ಕಳೆದುಕೊಳ್ಳುವ ಶಿಕ್ಷೆಯನ್ನು ನಾನು ಒಪ್ಪಲಾರೆ.

ಸಿಗ್ನಲ್ ಒಂದು ಸುತ್ತು ತಪ್ಪಿದರೆ ಏನಾಗುತ್ತದೆಂದು ಸಿಲ್ಕ್ ಬೋರ್ಡ್ ದಾಟುವವರಿಗೆಲ್ಲ ಗೊತ್ತು. ಸಾಲು ಮಡಿವಾಳದ ಕಡೆ ಬೆಳೆಯುತ್ತದೆ, ಅಡ್ಡರಸ್ತೆಗಳ ಬಾಯಿ ಕಟ್ಟುತ್ತದೆ. ಮೀಟರ್ ಕಾಣದಷ್ಟು ಹಿಂದೆ ಇರುವವರಿಗೆ ಮುಂದೇನಾಯಿತೆಂದೇ ತಿಳಿಯುವುದಿಲ್ಲ; ಅವರು ಮಾಡುವ ಮೊದಲ ಕೆಲಸ ಹಾರ್ನ್ ಒತ್ತುವುದು.

ತಾಳ್ಮೆಯ ಪಾಠ ಹೇಳುವ ಮೊದಲು ಈ ಊರಿನ ಜನ ಎಷ್ಟು ಕಾದಿದ್ದಾರೆಂದೂ ನೋಡಬೇಕು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ನಗರದ ನಡುವೆ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಹಿಡಿದಿತ್ತು. ನಮ್ಮ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಸಿಲ್ಕ್ ಬೋರ್ಡ್‌ಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ವರ್ಷ ಆ ದಾರಿಯಲ್ಲಿ ಕಾದವರ ತಾಳ್ಮೆಯನ್ನು ಇನ್ನೂ ಪರೀಕ್ಷಿಸಬೇಕೇ? ಆ್ಯಪ್ ತೋರಿಸುವ ಗಡುವಿನೊಳಗೆ ಊಟ ತಲುಪಿಸಬೇಕಾದ ಹುಡುಗ, ಟ್ರಿಪ್ ಲೆಕ್ಕದಲ್ಲಿ ದುಡಿಯುವ ಕ್ಯಾಬ್ ಡ್ರೈವರ್: ಇವರ ಅವಸರ ಕೆಂಪು ದೀಪ ಉದ್ದವಾದಷ್ಟೂ ಹೆಚ್ಚುತ್ತದೆಯೇ ಹೊರತು ಕರಗುವುದಿಲ್ಲ. ಕಳೆದ ನಿಮಿಷಗಳನ್ನು ಅವರು ಮುಂದಿನ ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿ ವಸೂಲು ಮಾಡಿಕೊಳ್ಳುತ್ತಾರೆ.

ಕೆಂಪು ದೀಪದಲ್ಲಿ ಹಾರ್ನ್ ಹೊಡೆಯುವುದು ತಪ್ಪು, ಅದರಲ್ಲಿ ತಕರಾರಿಲ್ಲ. ಲಾರಿಗಳ ಹಿಂದೆ ಹಾರ್ನ್ ಹೊಡೆಯಿರೆಂದು ಬರೆಸುವುದನ್ನು ಮಹಾರಾಷ್ಟ್ರ 2015ರಲ್ಲೇ ನಿಷೇಧಿಸಿತು; ನಾವೂ ಅಲ್ಲಿಂದ ಶುರುಮಾಡಬಹುದು. ಕಾರ್ಖಾನೆಯಿಂದ ಬಂದ ಹಾರ್ನ್ ಕಿತ್ತು ಕರ್ಕಶವಾದದ್ದನ್ನು ಹಾಕಿಸಿಕೊಂಡ ಗಾಡಿಯನ್ನು ನಿಲ್ಲಿಸಿ ಪರೀಕ್ಷಿಸಬಹುದು. ಅದು ಯಾರದೆಂಬ ಗೊಂದಲ ಅಲ್ಲಿಲ್ಲ. ಗಾಡಿಯ ಮಾಲೀಕನಿಗೂ ಜೋಡಿಸಿಕೊಟ್ಟ ಅಂಗಡಿಗೂ ದಂಡ ಬೀಳಲಿ, ಹಾರ್ನನ್ನು ಸ್ಥಳದಲ್ಲೇ ಬಿಚ್ಚಿಸಲಿ.