ಎದೆ ಯಾರದು, ತಲೆ ಯಾರದು?

ಮುಷ್ಟಿಕಾಳಗದ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಮೂರು ಹಾದಿ ಹಿಡಿಯುತ್ತದೆ. ಯಾವ ಮಲ್ಲನಿಗೆ ಎದೆಯಿದೆ, ಯಾವನಿಗಿಲ್ಲ. ಯಾರು ಮೋಸದ ಏಟು ಹೊಡೆದ. ಮುಂದೆ ಯಾರ ಮೇಲೆ ಯಾರನ್ನು ಬಿಡಬೇಕು. ಕೊನೆಯ ಎರಡೂ ವಾದಕ್ಕೆ ಯೋಗ್ಯವಾದ ವಿಷಯಗಳೇ. ನನ್ನ ತಕರಾರಿರುವುದು ಮೊದಲನೆಯದರ ಮೇಲೆ. ‘ಎದೆ’ ಎಂಬ ಮಾತನ್ನು ಈ ಮಹನೀಯರು ಬಳಸುವ ರೀತಿ ಬರಿಯ ತಪ್ಪಲ್ಲ, ಅದರಲ್ಲಿ ಒಂದು ಬಗೆಯ ಕ್ರೌರ್ಯವೂ ಇದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. 2020ನೆಯ ನವೆಂಬರ್ 28ರಂದು ಲಂಡನ್ನಿನ ಚರ್ಚ್ ಹೌಸಿನಲ್ಲಿ ಡೇನಿಯಲ್ ಡುಬ್ವಾ ಎಂಬ 23 ವರ್ಷದ ಹುಡುಗನಿಗೂ ರಿಯೊ ಒಲಿಂಪಿಕ್ಸಿನಲ್ಲಿ ಬೆಳ್ಳಿ ಪದಕ ಪಡೆದ ಜೋ ಜಾಯ್ಸನಿಗೂ ಪಂದ್ಯ ನಡೆಯಿತು. ಸಾಂಕ್ರಾಮಿಕದ ಕಾಲ, ಪ್ರೇಕ್ಷಕರಿಲ್ಲದ ಖಾಲಿ ಸಭಾಂಗಣ. ನಮ್ಮಲ್ಲಿ ಆಗ ಬೆಳಗಿನ ಜಾವ. ಎದ್ದು ಕುಳಿತು ನೋಡಿದವರಲ್ಲಿ ನಾನೂ ಒಬ್ಬ. ಜಾಯ್ಸನ ಎಡಗೈ ಒಂದೇ ಸಮನೆ ಡುಬ್ವಾನ ಎಡಗಣ್ಣಿನ ಮೇಲೆ ಬೀಳುತ್ತಿತ್ತು. ಕಣ್ಣು ಊದಿ ಮುಚ್ಚಿಕೊಂಡಿತು. ಹತ್ತನೆಯ ಸುತ್ತಿನಲ್ಲಿ ಇನ್ನೊಂದು ಏಟು ಅಲ್ಲಿಗೇ ಬಿದ್ದಾಗ ಡುಬ್ವಾ ಹಿಂದೆ ಸರಿದು ಮೊಣಕಾಲೂರಿದ. ಹತ್ತು ಎಣಿಸುವವರೆಗೂ ಏಳಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಆಗ ಅವನೇ ಮುಂದಿದ್ದ. ‘ಎದೆಯಿಲ್ಲದವನು’ ಎಂದುಬಿಟ್ಟೆ. ನಾನೊಬ್ಬನೇ ಅಲ್ಲ, ಹಿಂದೆ ರಿಂಗಿನಲ್ಲಿ ಹೆಸರು ಮಾಡಿದವರೂ ಅಂದರು. ಆಮೇಲೆ ತಿಳಿದದ್ದೇನು? ಕಣ್ಣಿನ ಗೂಡಿನ ಮೂಳೆ ಮುರಿದಿತ್ತು. ಅಕ್ಷಿಪಟಲದಲ್ಲಿ ರಕ್ತ ಸೋರಿತ್ತು. ನಾನಾದರೋ ಎರಡು ಕಣ್ಣೂ ನೆಟ್ಟಗಿರುವವನು, ಕಾಫಿಯ ಲೋಟ ಕೈಯಲ್ಲಿ ಹಿಡಿದು ಆ ತೀರ್ಪು ಕೊಟ್ಟಿದ್ದೆ.

ಆ ನಾಚಿಕೆ ಇನ್ನೊಂದು ಪಂದ್ಯವನ್ನು ಮತ್ತೆ ನೋಡುವಂತೆ ಮಾಡಿತು. 1995ನೆಯ ಫೆಬ್ರವರಿ 25, ಲಂಡನ್ ಅರೀನಾ. ಇಂಗ್ಲೆಂಡಿನ ನೈಜಲ್ ಬೆನ್ನನ ಮೇಲೆ ಅಮೆರಿಕದ ಜೆರಾಲ್ಡ್ ಮೆಕ್ಲೆಲನ್. ಮೊದಲ ಸುತ್ತಿನಲ್ಲೇ ಬೆನ್ ಹಗ್ಗಗಳ ನಡುವೆ ತೂರಿ ಹೊರಕ್ಕೆ ಬಿದ್ದ, ಎದ್ದು ಬಂದ. ಎಂಟನೆಯ ಸುತ್ತಿನಲ್ಲಿ ಮತ್ತೆ ಬಿದ್ದ, ಮತ್ತೆ ಎದ್ದ. ಅವನ ಕೆಚ್ಚನ್ನು ಅಲ್ಲಗಳೆಯುವವನು ಮೂರ್ಖ. ಆದರೆ ಅವನ ಏಟುಗಳಲ್ಲಿ ಹಲವು ಮೆಕ್ಲೆಲನ್ನನ ತಲೆಯ ಹಿಂಬದಿಗೆ ಬೀಳುತ್ತಿದ್ದವು. ಅಂಥ ಏಟು ನಿಷಿದ್ಧ. ಕುತ್ತಿಗೆಯ ಹುರಿ ಮಿದುಳನ್ನು ಸೇರುವ ಜಾಗವದು. ಮೆಕ್ಲೆಲನ್ ಕಣ್ಣು ಪಿಳುಕಿಸತೊಡಗಿದ. ಹಲ್ಲಿನ ಕಾಪು ತುಟಿಯಾಚೆ ಜೋತಾಡುತ್ತಿತ್ತು. ಒಂಬತ್ತನೆಯ ಸುತ್ತಿನಲ್ಲಿ ತಲೆಗೆ ತಲೆ ತಾಗಿತು. ಹತ್ತನೆಯ ಸುತ್ತಿನಲ್ಲಿ ಒಮ್ಮೆ ಮೊಣಕಾಲೂರಿದ, ಎದ್ದ. ಇನ್ನೊಮ್ಮೆ ಊರಿದ, ಏಳಲಿಲ್ಲ. ತನ್ನ ಮೂಲೆಗೆ ಹೋದವನು ಕೆಲವೇ ನಿಮಿಷಗಳಲ್ಲಿ ಕುಸಿದ. ಮಿದುಳಿನ ಮೇಲೆ ಹೆಪ್ಪುಗಟ್ಟಿದ ರಕ್ತವನ್ನು ಆ ರಾತ್ರಿಯೇ ಶಸ್ತ್ರಕ್ರಿಯೆ ಮಾಡಿ ತೆಗೆದರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ; ಕಿವಿ ಮಂದವಾಯಿತು, ನೆನಪು ಹರಿದುಹೋಯಿತು. ಮುಂದಿನ ದಶಕಗಳು ಸೋದರಿಯರ ಆರೈಕೆಯಲ್ಲಿ ಕಳೆದವು.

ಅವನು ಎರಡನೆಯ ಸಲ ಮೊಣಕಾಲೂರಿದಾಗ ರಿಂಗಿನ ಬದಿಯಲ್ಲಿದ್ದ ಕೆಲವರು ಏನೆಂದರು ಬಲ್ಲಿರಾ? ಶರಣಾದ, ಎದೆ ಸಾಲದಾಯಿತು ಎಂದರು. ತಲೆಯೊಳಗೆ ರಕ್ತ ತುಂಬಿಕೊಳ್ಳುತ್ತಿದ್ದವನ ಎದೆಯ ಅಳತೆ ನಡೆಯುತ್ತಿತ್ತು! ಇಂದಿಗೂ ಈ ಪಂದ್ಯದ ಮಾತು ಬಂದಾಗ ಬೆನ್ನನ ಎದೆಯ ವರ್ಣನೆ ಮೊದಲು, ತಲೆಯ ಹಿಂದಣ ಏಟುಗಳ ಮಾತು ಕೊನೆಗೆ, ಅದೂ ಬಂದರೆ.

ಅಭಿಮಾನಿಗಳು ಮರೆಯುವ ಸಂಗತಿಯೊಂದಿದೆ. ಮೊಣಕಾಲೂರುವುದು ಆಟದ ಹೊರಗಿನ ಹೇಡಿತನವಲ್ಲ, ಆಟದ ಒಳಗಿನ ನಿಯಮ. 1743ರಲ್ಲಿ ಜಾಕ್ ಬ್ರಾಟನ್ ಬರೆದ ಕಟ್ಟಳೆಗಳಲ್ಲೇ ಮೊಣಕಾಲೂರಿದವನು ಬಿದ್ದವನಿಗೆ ಸಮ, ಅವನನ್ನು ಹೊಡೆಯಕೂಡದು ಎಂದಿದೆ. ಅವನ ಕೈಯಲ್ಲಿ ಪೆಟ್ಟು ತಿಂದ ಎದುರಾಳಿಯೊಬ್ಬನು ಸತ್ತದ್ದರಿಂದ ನೊಂದು ಆ ಕಟ್ಟಳೆಗಳನ್ನು ಮಾಡಿದನೆಂದು ಹೇಳುತ್ತಾರೆ. ನಡುವೆ, 1838ರ ನಿಯಮಗಳಲ್ಲಿ, ಏಟು ಬೀಳದೆ ಬೀಳುವುದನ್ನು ತಪ್ಪೆಂದು ಎಣಿಸಿದ್ದರು. ಅದು ಬರಿಗೈ ಕಾಳಗದ ಕಾಲ. 1867ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಬಂದು ಬಿದ್ದವನಿಗೆ ಹತ್ತು ಸೆಕೆಂಡು ಕೊಟ್ಟವು. ಆ ಹತ್ತು ಸೆಕೆಂಡು ಯಾರ ಸ್ವತ್ತು? ಮಲ್ಲನದು. ಏಳಬೇಕೆ ಬೇಡವೆ ಎಂದು ನಿರ್ಧರಿಸುವ ಹಕ್ಕು ಅವನೊಬ್ಬನದೇ. ಗ್ಲೋವು ತೊಟ್ಟ, ಹಲ್ಲಿನ ಕಾಪು ಕಚ್ಚಿದ ಮನುಷ್ಯನು ಮಾತಾಡಲಾರ; ಮೊಣಕಾಲೇ ಅವನ ಮಾತು. ಅದನ್ನು ಆಡಿದ್ದಕ್ಕೆ ಅವನನ್ನು ಮೂದಲಿಸುವವರು ನೋಡುತ್ತಿರುವುದು ಇಂದಿನ ಆಟ, ಹಾಕುತ್ತಿರುವ ಲೆಕ್ಕ 1838ರದು.

ಮೂದಲಿಕೆಯ ಬಲವನ್ನು ಕನ್ನಡ ಓದಿದವರಿಗೆ ಹೇಳಿಕೊಡಬೇಕಾಗಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಭೀಷ್ಮನ ಹಿತವಚನ ಕೇಳಿ ವೈಶಂಪಾಯನ ಸರೋವರವನ್ನು ಹೊಕ್ಕವನು. ಒಂದು ದಿನ ಕಳೆದಿದ್ದರೆ ಸಾಕಿತ್ತು. ಭೀಮನ ಮೂದಲಿಕೆಯನ್ನು ತಾಳಲಾರದೆ ಎದ್ದು ಬಂದ. ತೊಡೆ ಮುರಿಯಿತು. ನಾವು ಗ್ಯಾಲರಿಯಲ್ಲಿ ಕುಳಿತು ಮಾಡುವುದು ಭೀಮನ ಕೆಲಸವನ್ನೇ, ಗದೆ ಮಾತ್ರ ನಮ್ಮ ಕೈಯಲ್ಲಿಲ್ಲ.

ಎದೆಯಿಲ್ಲದೆ ಈ ಆಟವೇ ಇಲ್ಲವಲ್ಲ ಎಂಬ ಆಕ್ಷೇಪಣೆ ಬರುತ್ತದೆ. ಒಪ್ಪುತ್ತೇನೆ. ಮನಿಲಾದಲ್ಲಿ 1975ನೆಯ ಅಕ್ಟೋಬರ್ 1ರಂದು ಅಲಿಯೂ ಫ್ರೇಸಿಯರನೂ ಹದಿನಾಲ್ಕು ಸುತ್ತು ಬಡಿದಾಡಿದ್ದನ್ನು ನೋಡಿ ಮೈ ನವಿರೇಳದವನು ಮನುಷ್ಯನಲ್ಲ. ಆದರೆ ಆ ದಿನದ ದೊಡ್ಡ ಎದೆ ಯಾರದು? ಹದಿನೈದನೆಯ ಸುತ್ತಿಗೆ ಏಳಹೊರಟ ಫ್ರೇಸಿಯರನನ್ನು ತಡೆದು ಪಂದ್ಯ ಬಿಟ್ಟುಕೊಟ್ಟ ಅವನ ಗುರು ಎಡ್ಡಿ ಫುಚ್ಚನದು ಎನ್ನುತ್ತೇನೆ. ಫ್ರೇಸಿಯರ್ ಮುನಿದ. ಆದರೆ ಮತ್ತೆ 36 ವರ್ಷ ಬದುಕಿದ. ಅಂಥ ಗುರು ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಬೆನ್ನಿ ಪಾರೆಟ್ ಇದ್ದಾನೆ. ಎಷ್ಟು ಹೊಡೆದರೂ ನಿಲ್ಲುವವನೆಂದು ಹೆಸರಾಗಿದ್ದವನು. 1961ರ ಡಿಸೆಂಬರಿನಲ್ಲಿ ಜೀನ್ ಫುಲ್ಮರನ ಕೈಯಲ್ಲಿ ಹತ್ತು ಸುತ್ತು ಜಜ್ಜಿಸಿಕೊಂಡು ಬಿದ್ದಿದ್ದವನನ್ನು ನಾಲ್ಕು ತಿಂಗಳು ತುಂಬುವ ಮೊದಲೇ, 1962ರ ಮಾರ್ಚ್ 24ರಂದು, ಎಮಿಲ್ ಗ್ರಿಫಿತನ ಎದುರು ನಿಲ್ಲಿಸಿದರು. ಹನ್ನೆರಡನೆಯ ಸುತ್ತಿನಲ್ಲಿ ಪ್ರಜ್ಞೆ ತಪ್ಪಿದ ಮೇಲೂ ಹಗ್ಗಗಳು ಅವನನ್ನು ನಿಲ್ಲಿಸಿಕೊಂಡೇ ಇದ್ದವು. ಹತ್ತು ದಿನಕ್ಕೆ ತೀರಿಕೊಂಡ, ವಯಸ್ಸು 25. ಮುಂದೆ ಯಾರ ಮೇಲೆ ಯಾರು ಎಂದು ಪಟ್ಟಿ ಹಾಕುವ ನಮ್ಮ ಉತ್ಸಾಹಿಗಳು, ಹಿಂದಿನ ಪಂದ್ಯದ ಪೆಟ್ಟು ಇಳಿದಿದೆಯೆ ಎಂಬ ಅಂಕಣವೊಂದನ್ನು ಆ ಪಟ್ಟಿಗೆ ಸೇರಿಸಿದ್ದನ್ನು ನಾನು ಕಂಡಿಲ್ಲ. 1982ರಲ್ಲಿ ಕೊರಿಯದ ಕಿಮ್ ಡುಕ್ ಕೂ ಲಾಸ್ ವೇಗಾಸಿನಲ್ಲಿ ಹದಿನಾಲ್ಕನೆಯ ಸುತ್ತಿನವರೆಗೆ ಕಾದಾಡಿ ಸತ್ತ ಮೇಲೆ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸತೊಡಗಿದರು. ಎದೆಗೂ ಒಂದು ಮಿತಿ ಬೇಕೆಂದು ಆಟ ನಡೆಸುವವರಿಗೇ ಹೊಳೆಯಿತು, ನೋಡುವವರಿಗೆ ಹೊಳೆಯಲಿಲ್ಲ.

ಮೋಸದ ಏಟಿನ ವಿಷಯದಲ್ಲೂ ನಮ್ಮ ನ್ಯಾಯಪ್ರಜ್ಞೆ ವಿಚಿತ್ರವಾದದ್ದು. 2023ರ ಆಗಸ್ಟ್ 26ರಂದು ಪೋಲೆಂಡಿನಲ್ಲಿ ಇದೇ ಡುಬ್ವಾನ ಏಟಿಗೆ ಉಸಿಕ್ ಬಿದ್ದ. ಏಟು ನಡುಪಟ್ಟಿಯ ಮೇಲೋ ಕೆಳಗೋ? ರೆಫರಿ ಕೆಳಗೆಂದು ಹೇಳಿ ಉಸಿಕನಿಗೆ ಸುಧಾರಿಸಿಕೊಳ್ಳಲು ಸಮಯ ಕೊಟ್ಟ. ಉಸಿಕ್ ಎದ್ದು ಒಂಬತ್ತನೆಯ ಸುತ್ತಿನಲ್ಲಿ ಗೆದ್ದ. ನಾಭಿಯ ಕೆಳಗೆ ಹೊಡೆಯಕೂಡದೆಂದು ಬಲರಾಮನು ನೇಗಿಲೆತ್ತಿದ ದಿನದಿಂದ ನಡೆದುಬಂದ ಜಗಳವಿದು, ಬೇಗ ತೀರುವಂಥದಲ್ಲ. ಎರಡಂಗುಲದ ಆ ಅಂತರಕ್ಕಾಗಿ ವರ್ಷಗಟ್ಟಲೆ ಕಚ್ಚಾಡಿದವರು ತಲೆಯ ಹಿಂಬದಿಯ ಏಟನ್ನು ‘ಅದೆಲ್ಲ ಆಟದಲ್ಲಿ ಇದ್ದದ್ದೇ’ ಎಂದು ತಳ್ಳಿಹಾಕುತ್ತಾರೆ. ಕೆಳಗಿನ ಏಟಿನಿಂದ ಗೆಲುವು ಕೈತಪ್ಪುತ್ತದೆ. ಹಿಂದಣ ಏಟಿನಿಂದ ಮನುಷ್ಯನೇ ಕೈತಪ್ಪುತ್ತಾನೆ. ಅಭಿಮಾನಿಗೆ ಮೊದಲನೆಯದರ ಲೆಕ್ಕ ಮಾತ್ರ ಬಾಯಿಪಾಠ.

ಶರಣಾದವನು ಮುಗಿದ ಎಂಬ ಭವಿಷ್ಯವಾಣಿಯಾದರೂ ನಿಜವೆ? 1980ರ ನವೆಂಬರಿನಲ್ಲಿ ಲೆನರ್ಡನ ಎದುರು ಎಂಟನೆಯ ಸುತ್ತಿನಲ್ಲಿ ಕೈಚೆಲ್ಲಿದ ರೊಬೆರ್ಟೊ ಡುರಾನನನ್ನು ಲೋಕವೆಲ್ಲ ಹೇಡಿಯೆಂದಿತು. ಅವನಿಗೆ ಏಟು ಹೆಚ್ಚಾಗಿ ಬಿದ್ದಿರಲಿಲ್ಲ, ಅವಮಾನ ಬಿದ್ದಿತ್ತು. ನನ್ನ ವಾದಕ್ಕೆ ಅಷ್ಟಾಗಿ ಒಗ್ಗದ ಉದಾಹರಣೆಯೆಂದು ಬಲ್ಲೆ. ಆದರೂ ಆ ಹೇಡಿಯೇ 1989ರಲ್ಲಿ, 37ನೆಯ ವಯಸ್ಸಿನಲ್ಲಿ, ತನಗಿಂತ ಎಷ್ಟೋ ದೊಡ್ಡ ಆಳಾದ ಇರಾನ್ ಬಾರ್ಕ್ಲಿಯನ್ನು ಹನ್ನೆರಡು ಸುತ್ತು ಕಾದಾಡಿ ಗೆದ್ದ. ಮೂಳೆ ಮುರಿದ ಡುಬ್ವಾನೂ ಹಾಗೆಯೇ. 2024ರ ಸೆಪ್ಟೆಂಬರ್ 21ರಂದು ವೆಂಬ್ಲಿಯಲ್ಲಿ, 90 ಸಾವಿರಕ್ಕೂ ಹೆಚ್ಚು ಜನರೆದುರು, ಆಂಟನಿ ಜಾಶುವನನ್ನು ಮೊದಲ ಸುತ್ತಿನಲ್ಲೇ ಕೆಡವಿ ಐದನೆಯ ಸುತ್ತಿನಲ್ಲಿ ಮುಗಿಸಿದ. ಅವತ್ತು ಅವನಿಗೆ ಎರಡು ಕಣ್ಣುಗಳೂ ಇದ್ದವು. ನಾಲ್ಕು ವರ್ಷಗಳ ಹಿಂದೆ ಮೊಣಕಾಲೂರಿ ಉಳಿಸಿಕೊಂಡ ಕಣ್ಣು ಅದರಲ್ಲೊಂದು. ಆ ರಾತ್ರಿ ‘ಸಿಂಹದೆದೆ’ ಎಂದು ಕೂಗಿದವರಲ್ಲಿ ಹಳೆಯ ಮಾತನ್ನು ನೆನೆದು ಕ್ಷಮೆ ಕೇಳಿದವರು ನನಗೆ ಸಿಕ್ಕಲಿಲ್ಲ.

2025ರ ಜುಲೈ 19ರಂದು ಅದೇ ವೆಂಬ್ಲಿಯಲ್ಲಿ ಉಸಿಕ್ ಡುಬ್ವಾನನ್ನು ಐದನೆಯ ಸುತ್ತಿನಲ್ಲಿ ಕೆಡವಿದ. ಮರುದಿನ ಹೋಟೆಲಿನಲ್ಲಿ ಸಿಕ್ಕ ಸ್ನೇಹಿತರೊಬ್ಬರು, ‘ಆವತ್ತು ನೀವೇ ಹೇಳಿದ್ದಿರಲ್ಲ ಸ್ವಾಮಿ, ಅವನಿಗೆ ಎದೆಯಿಲ್ಲ ಅಂತ’ ಎಂದರು. ಅವರ ಕಾಫಿಯ ದುಡ್ಡನ್ನು ನಾನೇ ಕೊಡಬೇಕಾಗಿತ್ತು. ಕೊಡದೆ ಎದ್ದು ಬಂದೆ.